ಕಾರವಾರದ ಕೊಲ್ಲಿ: ಬಂದರಿನ ಇತಿಹಾಸ ಮತ್ತು ತೀರದ ಜನ

ಮುಂಬಯಿಗೂ ಕೊಚ್ಚಿಗೂ ನಡುವಣ ಪಶ್ಚಿಮ ಕರಾವಳಿಯಲ್ಲಿ ವರ್ಷದ ಎಲ್ಲ ಋತುಗಳಲ್ಲಿಯೂ ನಿರಪಾಯವಾದ ಬಂದರು ಕಾರವಾರವೊಂದೇ ಎಂಬ ಅಭಿಪ್ರಾಯ 1911ರ ಬ್ರಿಟಾನಿಕಾ ವಿಶ್ವಕೋಶದಲ್ಲಿ ಕಂಡುಬರುತ್ತದೆ. ಅದೇ ಟಿಪ್ಪಣಿಯ ಕೊನೆಯಲ್ಲಿ, ಗೋವೆಯ ಮುರ್ಮಾಗೋವಿಗೆ ರೈಲು ಬಂದ ಮೇಲೆ ಕಾರವಾರದ ವಾಣಿಜ್ಯವು ಇಳಿಮುಖವಾಯಿತೆಂದೂ ಹೇಳಿದೆ. ಈ ಎರಡು ಮಾತುಗಳನ್ನು ಒಟ್ಟಿಗೆ ಓದಿದವರಿಗೆ ಸಹಜವಾಗಿಯೇ ಒಂದು ಪ್ರಶ್ನೆ ಏಳುತ್ತದೆ. ನಿಸರ್ಗವು ಇಷ್ಟು ಉದಾರವಾಗಿ ರೂಪಿಸಿದ ಕೊಲ್ಲಿ ಮುಂಬಯಿಯಂತೆ ಆಗದಿದ್ದರೂ ಕನಿಷ್ಠ ಮಂಗಳೂರಿನಂತೆಯಾದರೂ ಏಕೆ ಬೆಳೆಯಲಿಲ್ಲ? ನಾವು ತರಗತಿಯಲ್ಲಿ ಕರಾವಳಿಯ ಇತಿಹಾಸವನ್ನು ಬೋಧಿಸುವಾಗ ವಿದ್ಯಾರ್ಥಿಗಳಿಂದ ಮೊದಲು ಬರುವ ಪ್ರಶ್ನೆಯೂ ಇದೇ ಆಗಿದೆ.

ಈ ಪ್ರಶ್ನೆಗೆ ಉತ್ತರವನ್ನು ಸಾಮಾನ್ಯವಾಗಿ ಕೋಟೆಗಳ ಮತ್ತು ಕಂಪನಿಗಳ ದಾಖಲೆಗಳಲ್ಲಿ ಹುಡುಕುವುದು ವಾಡಿಕೆ. ಕೊಲ್ಲಿಯ ದಡದಲ್ಲಿ ಬಲೆ ಎಳೆದು, ದೋಣಿ ನಡೆಸಿ ಬದುಕಿದ ಜನರ ವಿಷಯವಾದರೋ ಗೆಝೆಟಿಯರಿನ ಜಾತಿಗಳ ಅಧ್ಯಾಯಕ್ಕೆ ಸೀಮಿತವಾಗಿ ನಿಂತುಬಿಡುತ್ತದೆ. ಈ ಎರಡನ್ನೂ ಬೇರೆ ಬೇರೆಯಾಗಿ ನೋಡುವುದು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ಬಂದರು ಬೆಳೆಯದೆ ಉಳಿದುದರಿಂದಲೇ ತೀರವು ಬಲೆಗಾರರ ಪಾಲಿಗೆ ಉಳಿಯಿತು. ಕೊಲ್ಲಿಯ ನೈಸರ್ಗಿಕ ಗುಣವನ್ನು ರಾಜ್ಯಶಕ್ತಿಯು ಪೂರ್ಣವಾಗಿ ಉಪಯೋಗಿಸಿಕೊಂಡಾಗ ಅದೇ ತೀರವು ಅವರ ಕೈತಪ್ಪಿತು. ಇದನ್ನು ಕ್ರಮವಾಗಿ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಮೊದಲು ಸ್ಥಳದ ಸ್ವರೂಪವನ್ನು ಗಮನಿಸಬೇಕು. ಡಿಗ್ಗಿಯ ಬಳಿ ಹುಟ್ಟಿ ಸುಮಾರು 184 ಕಿಲೋಮೀಟರು ಹರಿದು ಬರುವ ಕಾಳಿ ನದಿಯು ಕಾರವಾರದ ಉತ್ತರಕ್ಕೆ ಸಮುದ್ರವನ್ನು ಸೇರುತ್ತದೆ. ಅಳಿವೆಯ ಉತ್ತರ ದಂಡೆಯಲ್ಲಿ ಸದಾಶಿವಗಡದ ಗುಡ್ಡವಿದೆ. ದಕ್ಷಿಣದಲ್ಲಿ ಗುಡ್ಡದ ಚಾಚೊಂದು ಸಮುದ್ರದೊಳಕ್ಕೆ ತೋಳಿನಂತೆ ಮುಂದುವರಿದಿದ್ದು, ಅದರ ಮರೆಯಲ್ಲಿ ಬೈತಖೋಲವೆಂಬ ಸಣ್ಣ ಕುಡಾ ಇದೆ. ನೈರುತ್ಯ ಮಾರುತದ ಅಲೆಗಳನ್ನು ಈ ಚಾಚು ತಡೆಯುತ್ತದೆ. ಫೆಬ್ರವರಿಯಿಂದ ಏಪ್ರಿಲಿನವರೆಗೆ ಬೀಸುವ ಬಲವಾದ ವಾಯವ್ಯದ ಗಾಳಿಗೆ ಕೊಲ್ಲಿಯ ಸಣ್ಣ ದ್ವೀಪಗಳ ಮರೆಯೇ ದೇಶೀ ನೌಕೆಗಳಿಗೆ ಆಶ್ರಯ. ಹೊರಗಡೆ ಕೂರ್ಮಗಡ, ದೀಪಸ್ತಂಭವುಳ್ಳ ದೇವಗಡ ಮುಂತಾದವು ಚದುರಿ ನಿಂತಿವೆ. ದಕ್ಷಿಣಕ್ಕೆ ಬಿಣಗಾದ ಎದುರಿನಲ್ಲಿ ಅಂಜುದೀವ ದ್ವೀಪವಿದೆ. ಇವುಗಳಲ್ಲಿ ಅಂಜುದೀವವು ಆಡಳಿತದ ದೃಷ್ಟಿಯಿಂದ ಇಂದಿಗೂ ಗೋವೆಗೆ ಸೇರಿದ್ದು. ಕಾರವಾರದ ದಂಡೆಯಿಂದ ಕಣ್ಣಿಗೆ ಕಾಣುವ ನೆಲವು ಬೇರೊಂದು ರಾಜ್ಯದ್ದಾಗಿರುವ ಈ ವಿಚಿತ್ರಕ್ಕೆ ಐದು ಶತಮಾನಗಳ ಹಿನ್ನೆಲೆಯುಂಟು.

ಕೊಲ್ಲಿಯ ಹಳೆಯ ಬಂದರು ಇಂದಿನ ಪಟ್ಟಣವಿರುವ ಸ್ಥಳದಲ್ಲಿ ಇರಲಿಲ್ಲ. ನದಿಯ ಉತ್ತರ ದಂಡೆಯ ಚಿತ್ತಾಕುಲವೂ, ಅಳಿವೆಯಿಂದ ಒಳಗೆ ಇರುವ ಕಡವಾಡವೂ ಹಿಂದಿನ ವ್ಯಾಪಾರಸ್ಥಾನಗಳು. ಕಾರವಾರವೆಂಬ ಹೆಸರು ಕಡವಾಡದಿಂದಲೇ ಬಂದುದೆಂಬ ನಿಷ್ಪತ್ತಿಯು ಪ್ರಚಲಿತವಾಗಿದೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಈ ತೀರವನ್ನು ವರ್ಣಿಸಿದ ಪೋರ್ಚುಗೀಜ ಲೇಖಕ ದುವಾರ್ತೆ ಬಾರ್ಬೋಸನು ಚಿತ್ತಾಕುಲವನ್ನು ‘ಸಿಂತಾಕೋಲ’ವೆಂದು ಕರೆದು, ಅದು ನದಿಯ ಬಾಯಿಯಲ್ಲಿ ಗುಡ್ಡದ ಮೇಲಿರುವ ಗಡಿಕೋಟೆಯೆಂದು ಹೇಳುತ್ತಾನೆ. ಅವನ ಬರವಣಿಗೆಯ ಪ್ರಕಾರ ಆ ನದಿಯ ಉತ್ತರಕ್ಕೆ ದಖ್ಖಣದ ಸುಲ್ತಾನರ ರಾಜ್ಯ, ದಕ್ಷಿಣಕ್ಕೆ ವಿಜಯನಗರದ ರಾಜ್ಯ. ನಮ್ಮ ವಿವೇಚನೆಗೆ ಬಹು ಮುಖ್ಯವಾದ ಸಾಕ್ಷ್ಯವಿದು. ದೊಡ್ಡ ಬಂದರುಗಳು ಸಾಮಾನ್ಯವಾಗಿ ಒಂದು ರಾಜ್ಯದ ಬಾಗಿಲಾಗಿ ಬೆಳೆಯುತ್ತವೆ. ಕಾಳಿಯ ಅಳಿವೆಯಾದರೋ ಎರಡು ರಾಜ್ಯಗಳ ನಡುವಣ ಬೇಲಿಯಾಗಿತ್ತು. ಬೇಲಿಯ ಮೇಲೆ ಮಳಿಗೆ ಕಟ್ಟಲು ಯಾವ ವರ್ತಕನೂ ಸುಲಭವಾಗಿ ಒಪ್ಪಲಾರನು.

ಪೋರ್ಚುಗೀಜರಿಗೆ ಈ ಕೊಲ್ಲಿಯ ಪರಿಚಯವಾದುದು ಅವರ ಮೊದಲನೆಯ ಯಾನದಲ್ಲಿಯೇ. 1498ರಲ್ಲಿ ಕಲ್ಲೀಕೋಟೆಯಿಂದ ಹಿಂದಿರುಗುವಾಗ ವಾಸ್ಕೋ ಡ ಗಾಮನು ಅಂಜುದೀವದಲ್ಲಿ ತಂಗಿ, ಹಡಗುಗಳ ತಳವನ್ನು ಕೆರೆಸಿ ದುರಸ್ತಿ ಮಾಡಿಸಿ, ಸಿಹಿನೀರು ತುಂಬಿಸಿಕೊಂಡನು. ಮಹಾಸಾಗರವನ್ನು ದಾಟುವ ಹಡಗಿಗೆ ಊಟೆಯ ನೀರು ಮತ್ತು ಗಾಳಿಯ ಮರೆ ಎರಡೂ ಒಂದೇ ಕಡೆ ದೊರೆಯುವ ಸ್ಥಳಗಳು ಎಷ್ಟು ವಿರಳವೆಂಬುದನ್ನು ನೆನೆದರೆ ಈ ಸಣ್ಣ ದ್ವೀಪಕ್ಕೆ ಬಂದ ಬೆಲೆ ಅರ್ಥವಾಗುತ್ತದೆ. 1505ರಲ್ಲಿ ಭಾರತಕ್ಕೆ ಮೊದಲ ವೈಸರಾಯನಾಗಿ ಬಂದ ಫ್ರಾನ್ಸಿಸ್ಕೊ ದ ಅಲ್ಮೇಡನು ಇಲ್ಲಿಯೇ ಕೋಟೆಯನ್ನು ಕಟ್ಟಿಸಲು ತೊಡಗಿದನು. ಆದರೆ ಮುಂದಿನ ವರ್ಷವೇ ಅದನ್ನು ಬಿಟ್ಟುಕೊಡಬೇಕಾಯಿತು. 1510ರಲ್ಲಿ ಗೋವೆಯು ವಶವಾದ ನಂತರವಂತೂ ಪೋರ್ಚುಗೀಜರಿಗೆ ಕಾರವಾರದ ಕೊಲ್ಲಿಯಲ್ಲಿ ಬಂದರು ಬೆಳೆಸುವ ಅಗತ್ಯವೇ ಉಳಿಯಲಿಲ್ಲ. ಅಲ್ಲಿ ಬೇರೆಯವರು ಬೆಳೆಯದಂತೆ ನೋಡಿಕೊಂಡರೆ ಅವರಿಗೆ ಸಾಕಾಗಿತ್ತು.

ಅಂಜುದೀವದ ಇನ್ನೊಂದು ಪ್ರಸಂಗವನ್ನು ಇಲ್ಲಿ ಹೇಳಬಹುದು. ಮುಂಬಯಿ ನಗರದ ಚರಿತ್ರೆಯನ್ನು ಓದುವವರು ಇದನ್ನು ಒಂದೆರಡು ಸಾಲುಗಳಲ್ಲಿ ದಾಟಿಹೋಗುವುದುಂಟು. ಇಂಗ್ಲೆಂಡಿನ ಎರಡನೆಯ ಚಾರ್ಲ್ಸನಿಗೆ 1661ರ ವಿವಾಹ ಒಪ್ಪಂದದಲ್ಲಿ ಬಳುವಳಿಯಾಗಿ ದೊರೆತ ಮುಂಬಯಿಯನ್ನು ವಶಪಡಿಸಿಕೊಳ್ಳಲು 1662ರಲ್ಲಿ ಸರ್ ಅಬ್ರಹಾಂ ಶಿಪ್‌ಮನ್ನನ ನೇತೃತ್ವದಲ್ಲಿ ಸೈನಿಕರು ಬಂದರು. ಪೋರ್ಚುಗೀಜ ಅಧಿಕಾರಿಗಳು ಮುಂಬಯಿಯನ್ನು ಒಪ್ಪಿಸಲು ನಿರಾಕರಿಸಲಾಗಿ, ಇಳಿಯಲು ನೆಲವಿಲ್ಲದ ಈ ಸೈನ್ಯವು ಅಂಜುದೀವವನ್ನು ಆಶ್ರಯಿಸಿತು. ಮಳೆಗಾಲ, ಜ್ವರ, ಆಹಾರದ ಕೊರತೆ ಇವುಗಳಿಂದ ಸೈನಿಕರಲ್ಲಿ ಬಹುಪಾಲು ಜನ ಅಲ್ಲಿಯೇ ಮಡಿದರು. 1664ರಲ್ಲಿ ಶಿಪ್‌ಮನ್ನನೂ ತೀರಿಕೊಂಡನು. 1665ರಲ್ಲಿ ಮುಂಬಯಿಯ ಅಧಿಕಾರವನ್ನು ವಹಿಸಿಕೊಂಡವರು ಈ ದ್ವೀಪದಲ್ಲಿ ಬದುಕಿ ಉಳಿದ ಸುಮಾರು ನೂರು ಜನರು ಮಾತ್ರ. ಕಾರವಾರದ ಕೊಲ್ಲಿಯು ಹಡಗಿಗೆ ಆಶ್ರಯ ಕೊಡುತ್ತಿತ್ತು, ನಿಜ. ಆದರೆ ಒಳನಾಡಿನ ಸಂಪರ್ಕವಿಲ್ಲದೆ ದ್ವೀಪದಲ್ಲಿ ನಿಂತವನಿಗೆ ಅದು ಅನ್ನವನ್ನು ಕೊಡಲಾರದಾಗಿತ್ತು.

ಒಳನಾಡಿನ ಸಂಪರ್ಕದ ವಿಚಾರವೇ ಆಂಗ್ಲರ ಕೋಠಿಯ ಇತಿಹಾಸದಲ್ಲಿಯೂ ಮುಂದೆ ಬರುತ್ತದೆ. ಸರ್ ವಿಲಿಯಂ ಕೋರ್ಟೀನನ ಸಂಘದವರು 1638ರಲ್ಲಿ ಕಾರವಾರದಲ್ಲಿ ಕೋಠಿಯನ್ನು ತೆರೆದರು. ಮುಂದೆ ಅದು ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ಇಲ್ಲಿಂದ ಹೋಗುತ್ತಿದ್ದ ಸರಕುಗಳು ಮೆಣಸು, ಏಲಕ್ಕಿ, ಒರಟಾದ ನೀಲಿಬಟ್ಟೆ ಮತ್ತು ಬಹು ನಯವಾದ ಮಸ್ಲಿನ್ ಬಟ್ಟೆ. ಮಸ್ಲಿನ್ ನೇಯುವವರು ಕರಾವಳಿಯವರಲ್ಲ. ಘಟ್ಟದ ಮೇಲಿನ ಹುಬ್ಬಳ್ಳಿ ಮುಂತಾದ ಊರುಗಳ ನೇಕಾರರು. ಅಲ್ಲಿ 50,000 ನೇಕಾರರು ಈ ವ್ಯಾಪಾರಕ್ಕಾಗಿ ದುಡಿಯುತ್ತಿದ್ದರೆಂದು ಮುಂಬಯಿ ಗೆಝೆಟಿಯರು ಬರೆಯುತ್ತದೆ. ಈ ಸಂಖ್ಯೆಯನ್ನು ನಾವು ಅಕ್ಷರಶಃ ಸ್ವೀಕರಿಸಬೇಕಾಗಿಲ್ಲ. ಆದರೂ ಕೊಲ್ಲಿಯ ವ್ಯಾಪಾರದ ಬೇರು ಸಹ್ಯಾದ್ರಿಯ ಆಚೆಗೆ ಇತ್ತೆಂಬುದು ಸ್ಪಷ್ಟ. ಎತ್ತಿನ ಹೇರು ಘಟ್ಟವನ್ನು ಇಳಿದು ಬರುವವರೆಗೆ ಬಂದರಿಗೆ ಜೀವವಿಲ್ಲ. ಘಟ್ಟದ ದಾರಿಯು ಯಾರ ಕೈಯಲ್ಲಿದೆಯೋ ಬಂದರಿನ ಭಾಗ್ಯವೂ ಅವರ ಕೈಯಲ್ಲಿಯೇ.

ಘಟ್ಟದ ದಾರಿಯಾಗಲಿ ಅಳಿವೆಯ ಕೋಟೆಯಾಗಲಿ ಒಬ್ಬರ ಕೈಯಲ್ಲಿ ಬಹುಕಾಲ ನಿಲ್ಲಲಿಲ್ಲ. 1665ರ ಫೆಬ್ರವರಿಯಲ್ಲಿ ಬಸರೂರನ್ನು ಸೂರೆಮಾಡಿದ ಶಿವಾಜಿಯು ಗೋಕರ್ಣದ ಮಾರ್ಗವಾಗಿ ಕಾರವಾರಕ್ಕೆ ಬಂದು ವರ್ತಕರಿಂದ ಕಾಣಿಕೆಯನ್ನು ಪಡೆದನು. ಅದರಲ್ಲಿ ಆಂಗ್ಲರ ಪಾಲು 112 ಪೌಂಡುಗಳು. ಹತ್ತು ವರ್ಷಗಳ ನಂತರ, 1675ರಲ್ಲಿ, ಬಿಜಾಪುರದವರ ಕೈಯಿಂದ ಈ ಪ್ರದೇಶವು ಮರಾಠರ ವಶವಾಯಿತು. ಆಂಗ್ಲರ ಕೋಠಿಯು 1679ರಲ್ಲಿ ಮುಚ್ಚಿ 1682ರಲ್ಲಿ ಮತ್ತೆ ತೆರೆಯಿತು. 1684ರಲ್ಲಿ ಅವರದೊಂದು ಸಣ್ಣ ಹಡಗಿನ ನಾವಿಕರು ಹಸುವೊಂದನ್ನು ಕದ್ದು ಕೊಂದುದರಿಂದ ಸ್ಥಳೀಯರು ರೊಚ್ಚಿಗೆದ್ದು ಆಂಗ್ಲರನ್ನು ಊರಿನಿಂದಲೇ ಹೊರಡಿಸುವಷ್ಟಾಯಿತು. ಕೋಠಿಯ ದಾಖಲೆಗಳಲ್ಲಿ ಊರಿನ ಸಾಮಾನ್ಯ ಜನರು ಕಾಣಿಸಿಕೊಳ್ಳುವುದು ಇಂತಹ ಜಗಳದ ಸಂದರ್ಭಗಳಲ್ಲಿ ಮಾತ್ರವೆಂಬುದನ್ನು ಓದುಗರು ಗಮನಿಸಬೇಕು. ಸರಕನ್ನು ದಡದಿಂದ ಹಡಗಿಗೆ ಸಾಗಿಸಿದ ಅಂಬಿಗನ ಹೆಸರು ಯಾವ ಪುಟದಲ್ಲಿಯೂ ಬರುವುದಿಲ್ಲ.

ಮುಂದಿನ ಶತಮಾನದ ಘಟನೆಗಳನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. 1715ರಲ್ಲಿ ಸೋದೆಯ ಅರಸನು ಕಾರವಾರದ ಹಳೆಯ ಕೋಟೆಯನ್ನು ಕೆಡವಿ ಅಳಿವೆಯ ಮೇಲೆ ಸದಾಶಿವಗಡವನ್ನು ಕಟ್ಟಿಸಿದನು. 1720ರಲ್ಲಿ ಆಂಗ್ಲರ ಕೋಠಿಯು ಎದ್ದುಹೋಯಿತು. 1750ರಲ್ಲಿ ಅವರು ಮರಳಿ ಬಂದರೂ, 1752ರಲ್ಲಿ ಪೋರ್ಚುಗೀಜರು ಸದಾಶಿವಗಡವನ್ನು ಹಿಡಿದು ವ್ಯಾಪಾರದ ಸರ್ವಸ್ವಾಮ್ಯವನ್ನು ಸಾಧಿಸಲು ಹೊರಟಾಗ ಪುನಃ ಹೊರಟುಹೋದರು. 1763ರಲ್ಲಿ ಸೋದೆಯ ರಾಜ್ಯವು ಹೈದರಾಲಿಯ ವಶವಾಯಿತು. ಟಿಪ್ಪುವಿನ ಕಾಲದ ಯುದ್ಧಗಳು ಮುಗಿದು ಕೆನರಾ ಪ್ರಾಂತವು ಆಂಗ್ಲರಿಗೆ ಸೇರುವ ಹೊತ್ತಿಗೆ ಹಳೆಯ ಕಾರವಾರವು ಪಾಳುಬಿದ್ದಿತ್ತು. ನೂರೈವತ್ತು ವರ್ಷಗಳಲ್ಲಿ ಐದಾರು ಒಡೆಯರನ್ನು ಕಂಡ ಪೇಟೆಗೆ ಇದಕ್ಕಿಂತ ಬೇರೆ ಗತಿಯನ್ನು ನಿರೀಕ್ಷಿಸುವಂತಿರಲಿಲ್ಲ.

ಕೊಲ್ಲಿಗೆ ಎರಡನೆಯ ಅವಕಾಶವು ಒದಗಿದುದು ಹತ್ತಿಯಿಂದ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಗಿ ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹತ್ತಿಯ ಕ್ಷಾಮ ತಲೆದೋರಿತು. ಧಾರವಾಡದ ಕಪ್ಪುನೆಲದ ಹತ್ತಿಯನ್ನು ಅತಿ ಸಮೀಪದ ರೇವಿಗೆ ಇಳಿಸಬೇಕೆಂಬ ಒತ್ತಾಯ ಬಂದಿತು. ನಕ್ಷೆಯಲ್ಲಿ ನೋಡಿದರೆ ಆ ರೇವು ಕಾರವಾರವೇ. ಆದರೆ ಧಾರವಾಡವು ಮುಂಬಯಿ ಪ್ರಾಂತಕ್ಕೂ ಕಾರವಾರವು ಮದರಾಸು ಪ್ರಾಂತಕ್ಕೂ ಸೇರಿದ್ದವು. ಹಳೆಯ ಬೇಲಿಯು ಈಗ ಹೊಸ ರೂಪದಲ್ಲಿ, ಕಚೇರಿಗಳ ಕಾಗದದಲ್ಲಿ, ಎದ್ದು ನಿಂತಿತ್ತು. ಈ ತೊಡಕನ್ನು ನಿವಾರಿಸಲು 1862ರಲ್ಲಿ ಉತ್ತರ ಕೆನರಾವನ್ನು ಮದರಾಸಿನಿಂದ ಬೇರ್ಪಡಿಸಿ ಮುಂಬಯಿಗೆ ಸೇರಿಸಲಾಯಿತು. ಮ್ಯಾಂಚೆಸ್ಟರಿನ ವರ್ತಕರ ಕಂಪನಿಯೊಂದು ಹತ್ತಿ ಒತ್ತುವ ಯಂತ್ರಗಳನ್ನು ಇಲ್ಲಿಗೆ ಹಡಗಿನಲ್ಲಿ ಕಳುಹಿಸಿತು. ಯಂತ್ರಗಳು ಬಂದವು, ಘಟ್ಟದ ರಸ್ತೆ ಮಾತ್ರ ಸಿದ್ಧವಾಗಿರಲಿಲ್ಲ. ರಸ್ತೆ ಸಿದ್ಧವಾಗುವ ಹೊತ್ತಿಗೆ, 1865ರಲ್ಲಿ, ಅಂತರ್ಯುದ್ಧವು ಮುಗಿದು ಅಮೆರಿಕದ ಹತ್ತಿ ಮತ್ತೆ ಮಾರುಕಟ್ಟೆಗೆ ಬರತೊಡಗಿತ್ತು. ಉಳಿದಿದ್ದ ಆಸೆಯೆಂದರೆ ಹುಬ್ಬಳ್ಳಿಯಿಂದ ಕಾರವಾರಕ್ಕೆ ರೈಲು. ಅದೂ ಕೈಗೂಡಲಿಲ್ಲ. ಆಂಗ್ಲರಿಗೂ ಪೋರ್ಚುಗೀಜರಿಗೂ 1878ರಲ್ಲಿ ಆದ ಒಪ್ಪಂದದ ಫಲವಾಗಿ ರೈಲುಮಾರ್ಗವು ಲೋಂಡಾ, ಕ್ಯಾಸಲ್‌ರಾಕ್ ದಾರಿಯಾಗಿ ಮುರ್ಮಾಗೋವನ್ನು ಮುಟ್ಟಿತು. 1880ರ ದಶಕ ಮುಗಿಯುವುದರೊಳಗೆ ಧಾರವಾಡದ ಹತ್ತಿ ಆ ಕಡೆಗೆ ತಿರುಗಿತು. ಮುಂಬಯಿ ರಾಜ್ಯದಿಂದ ಈ ಜಿಲ್ಲೆಯು 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದ ಮೇಲೂ ಘಟ್ಟದ ರೈಲು ಬೇಡಿಕೆಯಾಗಿಯೇ ಉಳಿಯಿತು. 1998ರಲ್ಲಿ ಪೂರ್ಣಗೊಂಡ ಕೊಂಕಣ ರೈಲು ತೀರವನ್ನು ತೀರಕ್ಕೆ ಜೋಡಿಸಿತೇ ಹೊರತು ಕೊಲ್ಲಿಯನ್ನು ಬಯಲುಸೀಮೆಗೆ ಜೋಡಿಸಲಿಲ್ಲ.

ವ್ಯಾಪಾರ ಹೋದ ಮೇಲೆ ಕಾರವಾರದಲ್ಲಿ ಉಳಿದುದು ಜಿಲ್ಲಾಕಚೇರಿ, ನ್ಯಾಯಾಲಯ ಮತ್ತು ಶಾಂತವಾದ ಮರಳದಂಡೆ. ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರೊಡನೆ 1883ರಲ್ಲಿ ಇದ್ದು ಹೋದ ರವೀಂದ್ರನಾಥ ಠಾಕೂರರು ಕಂಡುದು ಆ ಶಾಂತ ಕೊಲ್ಲಿಯನ್ನೇ. ಆದರೆ ಈ ದಂಡೆಯು ಕವಿಯ ಕಣ್ಣಿಗೆ ಎಷ್ಟೇ ನಿರ್ಜನವಾಗಿ ತೋರಿದರೂ ವಾಸ್ತವವಾಗಿ ಅದು ನಿರ್ಜನವಾಗಿರಲಿಲ್ಲ.

ಖಾರ್ವಿಗಳು, ಹರಿಕಂತ್ರರು, ಗಾಬಿತರು, ಅಂಬಿಗರು, ಮುಸಲ್ಮಾನರಲ್ಲಿ ದಾಲ್ದಿಗಳು, ಕ್ರೈಸ್ತ ಬೆಸ್ತರು ಹೀಗೆ ಹಲವು ಸಮುದಾಯಗಳು ಈ ಜಿಲ್ಲೆಯ ಸಮುದ್ರತೀರದಲ್ಲಿಯೂ ಅಳಿವೆಗಳಲ್ಲಿಯೂ ನೆಲೆಸಿವೆ. ಇವರಲ್ಲಿ ಹೆಚ್ಚಿನವರ ಮನೆಮಾತು ಕೊಂಕಣಿ. ಗಾಬಿತರು ಮಾಲವಣದ ಕಡೆಗೂ ಹಬ್ಬಿರುವ ಸಮುದಾಯವಾಗಿದ್ದು, ಮರಾಠರ ನೌಕಾದಳದಲ್ಲಿ ಸೇವೆ ಸಲ್ಲಿಸಿದವರೆಂಬ ಪ್ರತೀತಿಯುಳ್ಳವರು. ಖಾರ್ವಿ ಎಂಬ ಹೆಸರಿಗೂ ಗುಜರಾತಿನ ನಾವಿಕ ಸಮುದಾಯವಾದ ‘ಖಾರವಾ’ಕ್ಕೂ ಇರುವ ಸಾಮ್ಯವು ಗಮನಾರ್ಹವಾದುದು. ನೆಲದ ಮೇಲೆ ಕಾಳಿಯು ಗಡಿಯಾಗಿದ್ದರೂ ನೀರಿನ ಮೇಲೆ ಅಂತಹ ಗಡಿಯಿರಲಿಲ್ಲವೆಂಬುದನ್ನು ಈ ಸಮುದಾಯಗಳ ಹರಹೇ ತೋರಿಸುತ್ತದೆ.

ಇದಕ್ಕೆ ಭಾಷೆಯ ಸಾಕ್ಷ್ಯವೂ ಇದೆ. ದೋಣಿ, ಹುಟ್ಟು, ಬಲೆ, ಗಾಳ, ಅಂಬಿಗ ಮುಂತಾದ ಶಬ್ದಗಳು ಕನ್ನಡದ ಸ್ವಂತ ಸೊತ್ತು; ಇವೆಲ್ಲ ನದಿಗೂ ದಡದ ಸಮೀಪದ ನೀರಿಗೂ ಸಂಬಂಧಪಟ್ಟವು. ಬಂದರು, ಲಂಗರು, ನಾಖುದಾ ಎಂಬವು ಪಾರ್ಸಿಯಿಂದ ಬಂದವು. ಖಲಾಸಿ ಅರಬ್ಬಿಯ ಮೂಲದ್ದು. ಚುಕ್ಕಾಣಿಯನ್ನೂ ಅರಬ್ಬಿಯ ‘ಸುಕ್ಕಾನ್’ ಶಬ್ದಕ್ಕೆ ಸಂಬಂಧಿಸಿ ಹೇಳುತ್ತಾರೆ. ದೋಣಿಯ ಯಜಮಾನನಿಗೆ ಇರುವ ತಾಂಡೇಲನೆಂಬ ಹೆಸರು ಗುಜರಾತಿನಿಂದ ಹಿಡಿದು ಈ ತೀರದವರೆಗೆ ಒಂದೇ. ಕಾರವಾರದಲ್ಲಿ ಅದು ಮನೆತನದ ಹೆಸರಾಗಿಯೂ ನಿಂತಿದೆ. ಹರಾಜಿಗೆ ಈ ಜಿಲ್ಲೆಯಲ್ಲಿ ಬಳಕೆಯಲ್ಲಿರುವ ‘ಲಿಲಾವು’ ಪೋರ್ಚುಗೀಜರದು. ಅಂದರೆ ದಡದ ಬಳಿಯ ಕಸುಬಿಗೆ ಮನೆಯ ಮಾತು, ದೂರದ ಯಾನಕ್ಕೂ ಪೇಟೆಗೂ ಹೊರಗಿನ ಮಾತು. ನಾಲ್ಕು ಶತಮಾನಗಳ ಕೋಠಿಯ ಕಾಗದಗಳು ಹೇಳದೆ ಬಿಟ್ಟ ಸಂಗತಿಗಳು ಒಂದು ದೋಣಿಯ ಸಾಮಾನುಗಳ ಹೆಸರಿನಲ್ಲಿ ಅಡಗಿರುವುದು ಅಚ್ಚರಿಯ ವಿಷಯವೇ ಸರಿ. ನಿಘಂಟುಕಾರರು ಘಟ್ಟದ ಕೆಳಗೆ ಇಳಿದು ಬರುವುದು ಇನ್ನೂ ಹೆಚ್ಚಾಗಬೇಕು.

ಈ ತೀರದ ಬದುಕಿನ ಕೇಂದ್ರದಲ್ಲಿದ್ದುದು ರಂಪಣಿ ಬಲೆ. ಇದರ ವಿಷಯವಾಗಿ ಸ್ವಲ್ಪ ವಿಸ್ತಾರವಾಗಿ ಹೇಳುವುದು ಆವಶ್ಯಕ. ರಂಪಣಿಯು ದಡಕ್ಕೆ ಎಳೆಯುವ ಮಹಾಬಲೆ. ಹಲವು ನೂರು ಮೀಟರುಗಳಿಂದ ಕಿಲೋಮೀಟರಿಗೂ ಮೀರಿದ ಉದ್ದದ ಈ ಬಲೆಯು ಒಬ್ಬನ ಸೊತ್ತಾಗಿರುವುದು ಕಷ್ಟ. ಪಾಲುದಾರರು ತಮ್ಮ ತಮ್ಮ ಬಲೆಯ ತುಂಡುಗಳನ್ನು ತಂದು ಜೋಡಿಸಿದಾಗ ರಂಪಣಿಯಾಗುತ್ತಿತ್ತು. ಮಳೆಗಾಲ ಕಳೆದ ಮೇಲೆ ಬಂಗಡೆ ಮತ್ತು ತಾರಲೆ ಮೀನುಗಳು ಹಿಂಡುಹಿಂಡಾಗಿ ದಡದ ಸಮೀಪಕ್ಕೆ ಬರುತ್ತವೆ. ನೀರಿನ ಬಣ್ಣ, ಮೇಲೆ ಎರಗುವ ಹಕ್ಕಿಗಳು, ಕತ್ತಲಲ್ಲಾದರೆ ನೀರಿನಲ್ಲಿ ಮಿನುಗುವ ಬೆಳಕು ಇವುಗಳಿಂದ ಅನುಭವಸ್ಥರು ಹಿಂಡನ್ನು ಗುರುತಿಸುತ್ತಿದ್ದರು. ಬಲೆಯ ಒಂದು ಕೊನೆಯ ಹಗ್ಗವನ್ನು ದಡದಲ್ಲಿ ಬಿಟ್ಟು, ದೋಣಿಯು ಬಲೆಯನ್ನು ಇಳಿಸುತ್ತ ಹಿಂಡನ್ನು ಅರ್ಧವರ್ತುಲವಾಗಿ ಸುತ್ತುವರಿದು ಇನ್ನೊಂದು ಕೊನೆಯನ್ನು ದಡಕ್ಕೆ ತರುತ್ತಿತ್ತು. ಬಳಿಕ ಎರಡೂ ಕಡೆಯ ಹಗ್ಗಗಳಿಗೆ ಊರಿನ ಜನ ಕೈಹಚ್ಚುತ್ತಿದ್ದರು. ಎಂಬತ್ತು ನೂರು ಜನರು ಬೇಕಾಗುತ್ತಿದ್ದ ಕೆಲಸವಿದು.

ರಂಪಣಿಯ ವಿಶೇಷವೆಂದರೆ, ದೊಡ್ಡ ಹಿಂಡು ಸಿಕ್ಕಿದಾಗ ಅದನ್ನು ಒಂದೇ ದಿನ ದಡಕ್ಕೆ ಎಳೆದು ಹಾಕುತ್ತಿರಲಿಲ್ಲ. ಬಲೆಯ ಆವರಣದೊಳಗೆ ಮೀನನ್ನು ಜೀವಂತವಾಗಿ ಹಿಡಿದಿಟ್ಟು, ಪೇಟೆಗೂ ಉಪ್ಪು ಹಾಕುವವರಿಗೂ ಎಷ್ಟು ಬೇಕೋ ಅಷ್ಟನ್ನು ಸಣ್ಣ ಬಲೆಗಳಿಂದ ದಿನದಿನವೂ ತೆಗೆಯುತ್ತಿದ್ದರು. ಮಂಜುಗಡ್ಡೆಯ ಕಾರ್ಖಾನೆಗಳಿಲ್ಲದ ಕಾಲದಲ್ಲಿ ಸಮುದ್ರವನ್ನೇ ಉಗ್ರಾಣವಾಗಿ ಮಾಡಿಕೊಂಡ ಉಪಾಯವಿದು. ಮಿಕ್ಕ ಮೀನು ತೆಂಗಿನ ತೋಟಗಳಿಗೆ ಗೊಬ್ಬರವಾಗಿ ಹೋಗುತ್ತಿತ್ತು. ಮಾರಾಟವು ಬಹುಮಟ್ಟಿಗೆ ಹೆಂಗಸರ ಕೈಯಲ್ಲಿತ್ತು. ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಒಳನಾಡಿನ ಹಳ್ಳಿಗಳವರೆಗೆ ನಡೆದು ಮಾರಿದವರು ಅವರೇ. ಕಂಪನಿಗಳೂ ಸರಕಾರಗಳೂ ಕಟ್ಟಲಾರದೆ ಹೋದ ಕರಾವಳಿ ಮತ್ತು ಒಳನಾಡುಗಳ ಸಂಬಂಧವು ಮೀನಿನ ಬುಟ್ಟಿಯ ಅಳತೆಯಲ್ಲಿ, ಕಾಲ್ನಡಿಗೆಯ ದೂರದಲ್ಲಿ, ನಿತ್ಯವೂ ನಡೆಯುತ್ತಿತ್ತು.

ಬಂದ ಹುಟ್ಟುವಳಿಯನ್ನು ಪಾಲು ಹಾಕುವ ಕ್ರಮವೇ ಈ ಸಮಾಜದ ಅಲಿಖಿತ ಶಾಸನ. ಬಲೆಗೆ ಪಾಲು, ದೋಣಿಗೆ ಪಾಲು, ಎಳೆದವರಿಗೆ ಪಾಲು ಹೀಗೆ ವಿಂಗಡಣೆಯಾಗುತ್ತಿತ್ತು. ಬಂಡವಾಳಕ್ಕೂ ಶ್ರಮಕ್ಕೂ ಸಲ್ಲುವುದೇನೆಂಬುದು ಸಂಬಳದ ರೂಪದಲ್ಲಿ ನಿರ್ಧಾರವಾಗದೆ ಪಾಲಿನ ರೂಪದಲ್ಲಿ ನಿರ್ಧಾರವಾಗುತ್ತಿದ್ದುದರಿಂದ ಮೀನು ಕಡಮೆಯಾದ ವರ್ಷದ ನಷ್ಟವನ್ನೂ ಎಲ್ಲರೂ ಹಂಚಿಕೊಳ್ಳಬೇಕಾಗಿತ್ತು. ಬಂಗಡೆಯಂತೂ ವರ್ಷದಿಂದ ವರ್ಷಕ್ಕೆ ಏರಿಳಿಯುವ ಮೀನು. ಕಾರವಾರದ ಬಂಗಡೆಯನ್ನು ಕುರಿತ ವೈಜ್ಞಾನಿಕ ಅಧ್ಯಯನಗಳು 1950ರ ದಶಕದಿಂದಲೇ ಪ್ರಕಟವಾಗಿವೆ. ಇದು ಸಮಾನತೆಯ ಆದರ್ಶ ಸಮಾಜವಾಗಿತ್ತೆಂದು ನಾವು ಹೇಳುವುದಿಲ್ಲ. ಬಲೆಯ ತುಂಡುಗಳನ್ನು ಹೆಚ್ಚಾಗಿ ಹೊಂದಿದವನಿಗೂ ಬರಿಗೈಯಲ್ಲಿ ಹಗ್ಗ ಎಳೆದವನಿಗೂ ಅಂತರವಿದ್ದೇ ಇತ್ತು. ಆದರೆ ಈ ವ್ಯವಸ್ಥೆಗೆ ಬೇಕಾದ ಮೊದಲನೆಯ ಆಧಾರವು ಬಲೆಯೂ ಅಲ್ಲ, ದೋಣಿಯೂ ಅಲ್ಲ. ಅಡೆತಡೆಯಿಲ್ಲದ ಉದ್ದನೆಯ ಮರಳದಂಡೆ. ಹಡಗುಕಟ್ಟೆಗಳೂ ಗೋದಾಮುಗಳೂ ಅಲೆತಡೆ ಗೋಡೆಗಳೂ ತುಂಬಿದ ಬಂದರಿನಲ್ಲಿ ರಂಪಣಿಯನ್ನು ಎಳೆಯಲು ಸ್ಥಳವಿರುವುದಿಲ್ಲ. ಮ್ಯಾಂಚೆಸ್ಟರಿನವರ ಆಸೆ ಕೈಗೂಡಿದ್ದರೆ ಬೈತಖೋಲದಿಂದ ಅಳಿವೆಯವರೆಗಿನ ದಂಡೆಯಲ್ಲಿ ರಂಪಣಿಗೆ ನೂರು ವರ್ಷಗಳ ಬಾಳು ಒದಗುತ್ತಿರಲಿಲ್ಲ.

ರಂಪಣಿಗೆ ಮೊದಲ ಪೆಟ್ಟು ನೀರಿನ ಕಡೆಯಿಂದಲೇ ಬಂದಿತು. ಯಂತ್ರದ ದೋಣಿಗಳೂ ಟ್ರಾಲ್ ಬಲೆಗಳೂ ಬಂದ ಮೇಲೆ, 1970ರ ದಶಕದ ಮಧ್ಯದಲ್ಲಿ ಪರ್ಸೀನ್ ಬಲೆಗಳು ಕರ್ನಾಟಕದ ತೀರದಲ್ಲಿ ಬಳಕೆಗೆ ಬಂದವು. ರಂಪಣಿಯು ಹಿಂಡು ದಡಕ್ಕೆ ಬರುವವರೆಗೆ ಕಾಯುತ್ತಿತ್ತು. ಪರ್ಸೀನ್ ದೋಣಿಯು ಹಿಂಡನ್ನು ಅರಸಿಕೊಂಡು ಹೋಗಿ ಆಳದಲ್ಲಿಯೇ ಸುತ್ತುಗಟ್ಟಿ ತಳವನ್ನು ಬಿಗಿದು ಎತ್ತುತ್ತದೆ. ದಡದಲ್ಲಿ ಕಾದು ನಿಂತವರಿಗೆ ಬರಬೇಕಾದ ಮೀನು ದಡವನ್ನು ತಲುಪಲೇ ಇಲ್ಲ. ನೆರೆಯ ಗೋವೆಯಲ್ಲಿ ಇದೇ ಕಾರಣದಿಂದ ರಾಂಪಣಕಾರರ ಚಳವಳಿಯು ತಲೆಯೆತ್ತಿತು. ಕೆಲವೇ ವರ್ಷಗಳಲ್ಲಿ ಮಹಾರಂಪಣಿಗಳು ಹಿಂದೆ ಸರಿದವು. ಕೈರಂಪಣಿಯೆಂಬ ಸಣ್ಣ ರೂಪ ಮಾತ್ರ ಅಲ್ಲಲ್ಲಿ ಉಳಿಯಿತು.

ಎರಡನೆಯ ಪೆಟ್ಟು ನೆಲದ ಕಡೆಯಿಂದ. ಅಂಜುದೀವವು ಪೋರ್ಚುಗೀಜರ ಕೈಯಲ್ಲಿ ಉಳಿದಿದ್ದುದರ ಪರಿಣಾಮವನ್ನು 1961ರ ನವೆಂಬರಿನಲ್ಲಿ ದೇಶವೇ ಕಂಡಿತು. ದ್ವೀಪದಿಂದ ‘ಸಾಬರಮತಿ’ ಎಂಬ ಪ್ರಯಾಣಿಕರ ಹಡಗಿನ ಮೇಲೂ, ಕೆಲವೇ ದಿನಗಳಲ್ಲಿ ಮೀನುಗಾರರ ದೋಣಿಯ ಮೇಲೂ ಗುಂಡುಗಳು ಹಾರಿ, ಮೀನುಗಾರನೊಬ್ಬನು ಮೃತನಾದನು. ಡಿಸೆಂಬರ್ 18ರಂದು ಭಾರತದ ನೌಕಾಪಡೆಯು ದ್ವೀಪದ ಮೇಲೆ ಇಳ್ಳಿಯಿತು. ಆ ಕಾರ್ಯಾಚರಣೆಯಲ್ಲಿ 7 ಮಂದಿ ನಾವಿಕರು ಪ್ರಾಣವನ್ನರ್ಪಿಸಿದರು. ಮುಂಬಯಿಯ ಬಂದರು ವಾಣಿಜ್ಯದ ಹಡಗುಗಳಿಂದ ಕಿಕ್ಕಿರಿದು, ಪಶ್ಚಿಮ ತೀರದಲ್ಲಿ ಇನ್ನೊಂದು ನೌಕಾನೆಲೆಯು ಬೇಕೆಂದಾದಾಗ ದೃಷ್ಟಿ ಈ ಕೊಲ್ಲಿಯ ದಕ್ಷಿಣಕ್ಕೆ ಬಿದ್ದುದು ಸಹಜವೇ. ವಾಸ್ಕೋ ಡ ಗಾಮನು ಕಂಡ ಗುಣಗಳೇ ಮತ್ತೆ ಇಲ್ಲಿ ಲೆಕ್ಕಕ್ಕೆ ಬಂದವು: ಗಾಳಿಯ ಮರೆ, ಆಳವಾದ ನೀರು, ಹಿಂದೆ ಗುಡ್ಡದ ಆಸರೆ. ವಾಣಿಜ್ಯದ ಬಂದರಿಗೆ ತೊಡಕಾಗಿದ್ದ ಘಟ್ಟವು ರಕ್ಷಣೆಯ ಬಂದರಿಗೆ ಅನುಕೂಲವೇ ಆಯಿತು. 1986ರ ಅಕ್ಟೋಬರಿನಲ್ಲಿ ಸೀಬರ್ಡ್ ಯೋಜನೆಗೆ ಪ್ರಧಾನಮಂತ್ರಿ ರಾಜೀವ ಗಾಂಧಿಯವರು ಶಂಕುಸ್ಥಾಪನೆ ಮಾಡಿದರು. 2005ರ ಮೇ 31ರಂದು ‘ಕದಂಬ’ ನೌಕಾನೆಲೆಯು ಸೇವೆಗೆ ಅರ್ಪಿತವಾಯಿತು.

ಬನವಾಸಿಯ ರಾಜವಂಶದ ಹೆಸರನ್ನು ನೆಲೆಗೆ ಇಟ್ಟುದು ಉಚಿತವೇ ಆಯಿತು. ಆದರೆ 11,000 ಎಕರೆಗಳಿಗೂ ಮಿಕ್ಕ ನೆಲವನ್ನು ಸ್ವಾಧೀನಪಡಿಸಿಕೊಂಡಾಗ ಕಾರವಾರ ಮತ್ತು ಅಂಕೋಲಾ ತಾಲೂಕುಗಳ ತೀರದ ಗ್ರಾಮಗಳಿಂದ 4,000ಕ್ಕೂ ಹೆಚ್ಚು ಕುಟುಂಬಗಳು ಎದ್ದುಹೋಗಬೇಕಾಯಿತು. ಪರಿಹಾರದ ಮೊತ್ತವನ್ನು ಕುರಿತ ವ್ಯಾಜ್ಯಗಳು ದಶಕಗಳ ಕಾಲ ನಡೆದವು. ಭೂಮಿಗೆ ಬೆಲೆ ಕಟ್ಟುವ ಕಾಯಿದೆಗಳು ನಮ್ಮಲ್ಲಿ ಉಂಟು. ಬಲೆ ಎಳೆಯುವ ದಂಡೆಗೆ ಬೆಲೆ ಕಟ್ಟುವುದು ಹೇಗೆ? ಅದು ಯಾರ ಪಟ್ಟೆಯಲ್ಲಿಯೂ ಇಲ್ಲದ ನೆಲ. ಮಳೆಗಾಲ ಮುಗಿದಾಗ ಹಗ್ಗ ಹಿಡಿದು ನಿಂತವರೆಲ್ಲರ ಅನುಭೋಗದಲ್ಲಿದ್ದ ನೆಲ. ಗದ್ದೆಯನ್ನು ಕಳೆದುಕೊಂಡವನ ನಷ್ಟವು ದಾಖಲೆಯಲ್ಲಿ ಕಾಣುವಷ್ಟು ಸ್ಪಷ್ಟವಾಗಿ ದಂಡೆಯನ್ನು ಕಳೆದುಕೊಂಡವನ ನಷ್ಟವು ಕಾಣದಿರುವುದಕ್ಕೆ ಇದೇ ಕಾರಣ. ದೇಶರಕ್ಷಣೆಯ ಅಗತ್ಯವನ್ನು ಯಾರೂ ಅಲ್ಲಗಳೆಯುವಂತಿಲ್ಲ. ಅದರ ವೆಚ್ಚವನ್ನು ಯಾರು ಹೊತ್ತರೆಂಬುದನ್ನು ಬರೆದಿಡುವುದಾದರೂ ಇತಿಹಾಸಕಾರನ ಕರ್ತವ್ಯವೇ ಆಗಿದೆ. ಅಂಜುದೀವದ ಪುರಾತನ ಇಗರ್ಜಿಯ ಹಬ್ಬಕ್ಕೆ ದೋಣಿಗಳಲ್ಲಿ ಹೋಗುತ್ತಿದ್ದ ಭಕ್ತರ ಯಾತ್ರೆಯೂ ನೌಕಾನೆಲೆಯ ನಿರ್ಬಂಧಗಳಿಂದ ನಿಂತಿತು. ಕಾರವಾರದ ವಾಣಿಜ್ಯ ಬಂದರನ್ನು ರವೀಂದ್ರನಾಥ ಠಾಕೂರ್ ದಂಡೆಯ ಕಡೆಗೆ ವಿಸ್ತರಿಸುವ ಕಾಮಗಾರಿಯು ಆರಂಭವಾದಾಗ, 2020ರ ಜನವರಿಯಲ್ಲಿ, ಮೀನುಗಾರರು ಬೀದಿಗಿಳಿದುದನ್ನು ಈ ಹಿನ್ನೆಲೆಯಲ್ಲಿಯೇ ಅರ್ಥಮಾಡಿಕೊಳ್ಳಬೇಕು. ಪಟ್ಟಣದ ಎದುರಿಗೆ ಉಳಿದಿದ್ದ ದಂಡೆಯು ಅದೊಂದೇ ಆಗಿತ್ತು.

ಕೂರ್ಮಗಡದ ನರಸಿಂಹ ದೇವರ ಜಾತ್ರೆ ಮಾತ್ರ ಪುಷ್ಯ ಹುಣ್ಣಿಮೆಯ ಹೊತ್ತಿಗೆ ನಡೆದು ಬಂದಿದೆ. ಮೀನುಗಾರರು ದೋಣಿಗಳನ್ನು ಶೃಂಗರಿಸಿ ಕುಟುಂಬಸಮೇತ ದ್ವೀಪಕ್ಕೆ ಹೋಗುತ್ತಾರೆ. ಘಟ್ಟದ ಮೇಲಿನಿಂದಲೂ ಭಕ್ತರು ಬರುತ್ತಾರೆ. 2019ರ ಜನವರಿ 21ರಂದು ಜಾತ್ರೆಯಿಂದ ಹಿಂದಿರುಗುತ್ತಿದ್ದ ದೋಣಿಯೊಂದು ಮಗುಚಿ 16 ಜನರು ಜಲಸಮಾಧಿಯಾದರು. ಹಡಗುಗಳಿಗೆ ನಿರಪಾಯವೆಂದು ಗ್ರಂಥಗಳಲ್ಲಿ ಹೊಗಳಿಸಿಕೊಂಡ ಕೊಲ್ಲಿಯ ಅಲೆಗಳನ್ನು ಸಣ್ಣ ದೋಣಿಯವನು ಬೇರೆಯದೇ ಅಳತೆಯಿಂದ ಅಳೆಯುತ್ತಾನೆ.

ಕೊನೆಗೆ, ಈ ಕ್ಷೇತ್ರದಲ್ಲಿ ಸಂಶೋಧನೆಗೆ ತೊಡಗುವ ವಿದ್ಯಾರ್ಥಿಗಳಿಗೆ ಒಂದು ಮಾತು. ಕೋಠಿಯ ಪತ್ರಗಳು ಮುದ್ರಿತವಾಗಿವೆ. ಅವು ಇನ್ನು ನೂರು ವರ್ಷ ಕಾದರೂ ಚಿಂತೆಯಿಲ್ಲ. ಆದರೆ 1975ರಲ್ಲಿ ಇಪ್ಪತ್ತು ವರ್ಷದವನಾಗಿ ರಂಪಣಿಯ ಹಗ್ಗವನ್ನು ಹಿಡಿದವನಿಗೆ ಈಗ ಎಪ್ಪತ್ತು ತುಂಬುತ್ತಿದೆ. ಒಂದೇ ದಂಡೆಯಲ್ಲಿ ಎರಡು ರಂಪಣಿಗಳಿದ್ದಾಗ ಬಲೆ ಬಿಡುವ ಸರದಿಯನ್ನು ಯಾರು ನಿರ್ಣಯಿಸುತ್ತಿದ್ದರು, ಬಲೆಯ ತುಂಡು ಹರಿದರೆ ಅದರ ಪಾಲು ಏನಾಗುತ್ತಿತ್ತು, ಸಮುದ್ರದಲ್ಲಿ ತೀರಿಕೊಂಡವನ ಹೆಂಡತಿಗೆ ಎಷ್ಟು ಕಾಲದವರೆಗೆ ಪಾಲು ಸಲ್ಲುತ್ತಿತ್ತು ಎಂಬ ಪ್ರಶ್ನೆಗಳನ್ನು ಬೈತಖೋಲದಲ್ಲಿಯೂ, ನೌಕಾನೆಲೆಗಾಗಿ ಎದ್ದುಬಂದವರ ಪುನರ್ವಸತಿಯ ಕೇರಿಗಳಲ್ಲಿಯೂ ಕುಳಿತು ಕೇಳಬೇಕು. ಇದಕ್ಕೆ ಕೊಂಕಣಿಯ ಅಲ್ಪಸ್ವಲ್ಪ ಪರಿಚಯವಿದ್ದರೆ ಒಳ್ಳೆಯದು. ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಯಂತ್ರದ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಮಾತನಾಡಲು ಜನರಿಗೆ ಬಿಡುವಿರುತ್ತದೆ.